ಇಲ್ಲ ಅಲ್ಲ, ಇಲ್ಲ್

ಎಣ್ಮಕಜೆ
ಆಗಸ್ಟ್, ೨೦೧೭

ಮಸ್ಕತ್ತಿನಲ್ಲಿ ಇನ್ನೊಬ್ಬರ ಮಕ್ಕಳನ್ನು ನೋಡಿಕೊಳ್ಳುತ್ತಿರುವ ನನ್ನ ತುಂಗಾ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ನಂಬರು ಒತ್ತಿ ಒತ್ತಿ ಕೆಳಗಿಟ್ಟೆ. ಹಿಡಿ ಮುರಿದ ಬಾಣಲೆಯನ್ನೂ ಮಾತಿನಲ್ಲೇ ಮಾರಿ ಅಂಗಡಿ ಕಟ್ಟಿದವನಿಗೆ ನಿನ್ನೆಯಿಂದ ಬಾಯಿ ಕಟ್ಟಿದೆ.

ನಮ್ಮ ಯಶ್ಮಿತಾಳನ್ನು ಕಾಸರಗೋಡಿಗೆ ಕರೆದುಕೊಂಡು ಹೋಗುತ್ತಿದ್ದೆನಲ್ಲ, ಆ ಪ್ರಯೋಗಕ್ಕೆ. ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜು ಹಣೆಗಿಟ್ಟು, ಪಟ್ಟಿ ಕಟ್ಟಿ, ಇರುವೆ ಹರಿದಷ್ಟು ಕರೆಂಟು ಬಿಡುತ್ತಾರೆ. ಬುದ್ಧಿ ನಿಧಾನವಾದ ಮಕ್ಕಳು ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಅದರಿಂದ ಉಪಕಾರ ಉಂಟೋ ಎಂದು ನೋಡುವುದು. ಕೆಲವರಿಗೆ ಬರೀ ಪಟ್ಟಿ, ಕರೆಂಟಿಲ್ಲ, ಯಾರಿಗೆಂದು ಹೇಳುವುದಿಲ್ಲ. ಗಿರಾಕಿಗೆ ತೋರಿಸದೆ ತೂಗುವ ತಕ್ಕಡಿ ಎಂದು ನಾನು ನಕ್ಕಿದ್ದೆ.

ನಿನ್ನೆ ಪರೀಕ್ಷೆ ಮಾಡುವ ದೀಪ್ತಿ ಹೊರಗೆ ಬಂದಳು. ಮೈಸೂರಿನ ಹುಡುಗಿ, ಒಳ್ಳೆಯವಳು. “ಸಾರಿ ಸಾರ್. ಮೊದಲನೇ ಪ್ರಶ್ನೇನೇ ದಾಟ್ತಿಲ್ಲ. ಎಷ್ಟು ಸಲ ಕೇಳಿದ್ರೂ ಇಲ್ಲ ಅಂತಾಳೆ. ಇನ್ನು ಕರ್ಕೊಂಡು ಬರೋದು ಬೇಡ” ಎಂದಳು.

ಚೀಲ ಹೆಗಲಿಗೇರಿಸಿದೆ. ಮೆಟ್ಟಿಲ ಹತ್ತಿರ ಕಾಲು ನಿಂತಿತು. ತುಂಗಾ, ನಮ್ಮ ಹುಡುಗಿ ಯಾವತ್ತು ‘ಇಲ್ಲ’ ಎಂದಿದ್ದಾಳೆ? ಅವಳದ್ದು ತುಳುವಿನ ‘ಇಜ್ಜಿ’ ಅಲ್ಲವಾ?

“ನೀವು ಎಂತ ಕೇಳಿದ್ದು ಮೇಡಂ?” ಎಂದೆ. ಮೂರು ಪದ ಹೇಳುವುದು, ಅವಳು ಕೊನೆಯದರಿಂದ ಹಿಂದಕ್ಕೆ ಒಪ್ಪಿಸಬೇಕು: ಬೆಕ್ಕು, ನೀರು, ಮನೆ.

ಮನೆ. ತುಳುವಿನಲ್ಲಿ ಇಲ್ಲ್. ಯಾವ ಭಾಷೆ ಎಂದಾಗ ಕನ್ನಡ ಎಂದು ಬರೆಸಿದ್ದು ನಾನೇ. ಆಸ್ಪತ್ರೆ, ಆಫೀಸು ಕಂಡರೆ ನಮ್ಮ ಬಾಯಿಗೆ ಕನ್ನಡವೇ ಬರುವುದಲ್ಲ. ಮಗು ‘ಮನೆ’ ಎಂದಿದೆ, ದೀಪ್ತಿ ‘ಇಲ್ಲ’ ಎಂದು ಕೇಳಿ ಅಲ್ಲಿಗೇ ನಿಲ್ಲಿಸಿದ್ದಾಳೆ.

ಇನ್ನೊಮ್ಮೆ ಕೇಳಿ, ನಡುವೆ ನಿಲ್ಲಿಸಬೇಡಿ ಎಂದೆ. ಯಶ್ಮಿತಾ ಅವಳ ಮುಖ ನೋಡುತ್ತ ನಿಧಾನಕ್ಕೆ, “ಇಲ್ಲ್… ನೀರ್… ಪುಚ್ಚೆ” ಎಂದಳು. “ಪುಚ್ಚೆ ಅಂದರೆ ಬೆಕ್ಕು ಮೇಡಂ” ಎಂದೆ. ಹಿಡಿದಿಟ್ಟಿದ್ದಳು, ತಿರುಗಿಸಿದ್ದಳು, ಭಾಷೆಯನ್ನೂ ಬದಲಿಸಿದ್ದಳು. ಕರೆಂಟಿನಿಂದಲೋ, ಮೊದಲೇ ಇತ್ತೋ, ದೀಪ್ತಿಗೂ ಗೊತ್ತಿಲ್ಲ. ತುಳು ಬಲ್ಲವರನ್ನು ಕೂರಿಸಿ ಮೊದಲಿನಿಂದ ನೋಡುತ್ತಾಳಂತೆ, ಸೋಮವಾರ ಬರಹೇಳಿದ್ದಾಳೆ.

ಇವಳ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದಲ್ಲವಾ, ನೀನು ಹೊರಡುವಾಗ ನಾವು ಅವಳಿಗೆ ಸರಿಯಾಗಿ ಹೇಳಲೂ ಇಲ್ಲ? ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತವಳು ಬದಿಯಡ್ಕ ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಅಪ್ಪೆ ಇಲ್ಲಡೆ ಏಪ?” ಅಮ್ಮ ಮನೆಗೆ ಯಾವಾಗ, ಎಂದು. ನೀನು ಹೋದಂದಿನಿಂದ ಹಿಡಿದಿಟ್ಟುಕೊಂಡಿದ್ದಳೋ ಏನೋ. ಅಪ್ಪೆಯೇ ಹೇಳುತ್ತಾಳೆ ಎಂದೆ. ನೀನೇ ಫೋನು ಮಾಡಿ ಹೇಳು. ತುಳುವಿನಲ್ಲಿ ಹೇಳು. ಅವಳು ಮರೆಯುವುದಿಲ್ಲ, ಹಾಗಾಗಿ ನಿಜವನ್ನೇ ಹೇಳು.

ಮೈ ನೋಡಿಕೋ. ದೇವರು ನಿನ್ನನ್ನು ಕ್ಷೇಮವಾಗಿ ಇಲ್ಲಡೆ ಮುಟ್ಟಿಸಲಿ.

ಮಾತು ಮುಗಿದು ಕೂತಿರುವ ನಿನ್ನ
ಸುಕುಮಾರ