ಕುಂಡದೊಳಗಿನ ಹಾಳೆ

ಮಾರ್ಚ್ 4
ಗೆಣಸಿನ ಪಿಷ್ಟ, ಒಡೆದ ಹಾಲಿನ ಪ್ರೋಟೀನು, ಗ್ಲಿಸರಿನ್. ಕಾಸಿ, ಗಾಜಿನ ಮೇಲೆ ಸುರಿದು ಒಣಗಿಸಿದ್ದೆ. ಈ ಸಲ ಹಾಳೆ ಬಿರಿಯದೆ ಎದ್ದು ಬಂತು — ತೆಳು, ನಸುಹಳದಿ. ಬೆಳಕಿಗೆ ಹಿಡಿದು ಸುಮ್ಮನೆ ನಿಂತಿದ್ದೆ.
"ಏನ್ ಮೇಡಂ, ಕವಿತೆ ಹೊಳೀತಾ ಇದೆಯಾ? ಸಂಬಳ ಕೊಡ್ತಿರೋದು ಮಣ್ಣಲ್ಲಿ ಕರಗೋ ಪ್ಲಾಸ್ಟಿಕ್ ಮಾಡೋಕೆ."
ಲ್ಯಾಬಿನ ಮುಖ್ಯಸ್ಥ. ನನ್ನ ತಮ್ಮನಿಗಿಂತಲೂ ಚಿಕ್ಕವನು. ಅಂಗಿಯಲ್ಲಿ ಒಂದು ಸುಕ್ಕಿಲ್ಲ. ಅವನನ್ನು ಇಸ್ತ್ರಿ ಎನ್ನುತ್ತೇನೆ — ಈ ಡೈರಿಯಲ್ಲಿ ಮಾತ್ರ.

ಮಾರ್ಚ್ 5
ಹಾಳೆಯ ಪಟ್ಟಿಗಳನ್ನು ಹಿಂಬಾಗಿಲ ಹೊರಗಿನ ಕುಂಡಗಳಲ್ಲಿ ಹೂತೆ. ಗುರುತಿಗೆ ಒಂದೊಂದಕ್ಕೂ ನೈಲಾನ್ ದಾರ. ಎಷ್ಟು ಬೇಗ ಮಣ್ಣಾಗುತ್ತದೋ ನೋಡಬೇಕು.
ಮನೆಗೆ ಬಂದರೆ ಮಗಳು ಮೂಗು ಮುಚ್ಚಿದಳು. "ಅಮ್ಮಾ, ಹುಳಿ ಹಾಲಿನ ಪಾತ್ರೆನೇ ನಡ್ಕೊಂಡು ಬಂದ ಹಾಗಿದೆ!"

ಮಾರ್ಚ್ 12
ಅಗೆದೆವು. ಒಂದು ಚೂರೂ ಇಲ್ಲ. "ಒಂದೇ ವಾರ!" ಇಸ್ತ್ರಿ ಕುಣಿಯುವುದೊಂದು ಬಾಕಿ. ಆಗಲೇ ಫೋನು — ಬಂಡವಾಳ ಹಾಕುವವರಿಗೆ.
ನಾನು ದಾರ ನೋಡುತ್ತಿದ್ದೆ. ಕಡಿದ ತುದಿಗಳು. ಪಕ್ಕದಲ್ಲಿ ಹಿಕ್ಕೆ. ಬೆಟ್ಟ ಅಗೆದು ಇಲಿ ಹಿಡಿದರಂತೆ. ನಮಗೆ ಕುಂಡವೇ ಸಾಕಾಯಿತು.
"ಇಲಿ ತಿಂದಿದೆ ಸರ್. ಹಾಲು, ಗೆಣಸು... ಬಿಡುತ್ತಾ?"
"ಇಲಿ ಹೊಟ್ಟೆಗೆ ಹೋದ್ರೂ ಕೊನೆಗೆ ಮಣ್ಣೇ ತಾನೇ? ರಿಪೋರ್ಟಿಗೆ ಸಹಿ ಹಾಕಿ. ಇಲ್ಲಾಂದ್ರೆ ಟೇಬಲ್ ಖಾಲಿ ಮಾಡಿ. ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೋ ನಾನೂ ನೋಡ್ತೀನಿ."
ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಸಂಜೆ ಇನ್ನೊಂದು ಪಟ್ಟಿಗೆ ದಾರ ಕಟ್ಟಿ ಹೂತು, ಕುಂಡಕ್ಕೆ ತಂತಿಬಲೆ ಬಿಗಿದೆ.

ಮಾರ್ಚ್ 20
"ದುಡ್ಡು ಹಾಕೋರು ನಾಡಿದ್ದು ಬರ್ತಾರೆ. ಟೀ ಜವಾಬ್ದಾರಿ ನಿಮ್ದು. ಬಾಯಿ ಜವಾಬ್ದಾರಿನೂ." ಇಸ್ತ್ರಿ ನಕ್ಕ. ನಾನೂ ನಕ್ಕೆ.
ಬಲೆ ಸರಿಸಿ ಕೆದಕಿ ನೋಡಿದೆ. ಪಟ್ಟಿ ಹಾಗೇ ಇದೆ. ಅಂಚು ಮಾತ್ರ ಮೆತ್ತಗೆ. ಮತ್ತೆ ಮುಚ್ಚಿದೆ. ಇಸ್ತ್ರಿಗೆ ತಿಳಿಸಲಿಲ್ಲ.
ಇಷ್ಟು ವರ್ಷ ಕವಿತೆ ಓದಿದ ಮನಸ್ಸು ಕರುಣೆ ಕಲಿತಿರಬೇಕಿತ್ತು. ಕಲಿತಿಲ್ಲ.

ಮಾರ್ಚ್ 22, ಸಂಜೆ
ಬೆಳಿಗ್ಗೆಯೇ ಟೇಬಲ್ ಖಾಲಿ ಮಾಡಿದ್ದೆ. ಎರಡು ಕವನ ಸಂಕಲನ, ಒಂದು ಲೋಟ. ಅಷ್ಟೇ ಇದ್ದದ್ದು.
ಬಂದವರಲ್ಲಿ ಹಿರಿಯಾಕೆ ಒಬ್ಬರು ಕೇಳಿದರು, "ಹಾಳೆ ಮಾಯ ಆಗೋದನ್ನ ಕಣ್ಣಾರೆ ನೋಡಬಹುದಾ?"
"ಖಂಡಿತ" ಎಂದುಬಿಟ್ಟ ಇಸ್ತ್ರಿ.
ಟೀ ತಟ್ಟೆ ಇಳಿಸಿದೆ. ಬಲೆ ಬಿಗಿದ ಕುಂಡ ತಂದು ಅವನ ಮುಂದಿಟ್ಟೆ. "ಹತ್ತು ದಿನ ಆಯ್ತು ಸರ್. ಇಲಿ ಮುಟ್ಟಿಲ್ಲ. ನೀವೇ ಅಗೀರಿ."
ಎಲ್ಲರ ಕಣ್ಣೂ ಅವನ ಮೇಲೆ. ಅಂಗಿಯ ತೋಳು ಮೇಲಕ್ಕೆ ಮಡಚಿದ. ಮೊದಲ ಸಲ ಆ ಅಂಗಿಯಲ್ಲಿ ಸುಕ್ಕು ಕಂಡೆ. ಮಣ್ಣಿಗೆ ಬೆರಳು ಹಾಕಿದ, ದಾರ ಸಿಕ್ಕಿತು, ಎಳೆದ — ತುದಿಯಲ್ಲಿ ಪಟ್ಟಿ, ಅಂಚು ಬಿಟ್ಟರೆ ಹಾಗೇ.