ದಂಟಿನ ಜೋಡಿ ನಡೆದವರಿಗೆ

ಗೈಬುಸಾಬ ಕಾಕಾ ಅವರಿಗೆ,

ಕಾಲುವೆ ಆಫೀಸಿನ ಅನೀಲಕುಮಾರ ಬರೆಯುತ್ತಿದ್ದೇನೆ. ಆರು ವರ್ಷ ನಿಮ್ಮನ್ನು ಬರೀ ‘ಗೈಬುಸಾಬ’ ಎಂದು ಕರೆದ ಎಂಜಿನಿಯರು ಈಗ ಒಮ್ಮೆಲೇ ಕಾಕಾ ಎನ್ನುತ್ತಿದ್ದಾನಲ್ಲ ಎಂದು ನಿಮಗೆ ನಗು ಬರಬಹುದು. ಬರಲಿ. ಫೋನು ಮಾಡೋಣವೆಂದರೆ ಆಫೀಸು ಕೊಟ್ಟ ಫೋನನ್ನು ಒರೆಸಿ, ಚಾರ್ಜರಿನ ವೈರು ಸುತ್ತಿ, ಬಂದ ಡಬ್ಬಿಯಲ್ಲೇ ಇಟ್ಟು ನನ್ನ ಮೇಜಿನ ಮೇಲೆ ಬಿಟ್ಟು ಹೋದಿರಿ. ಸಾಲೋಟಗಿಯಲ್ಲಿ ಮಗಳು ಅಬಿದಾಳ ಮನೆಯಲ್ಲಿದ್ದೀರಿ ಎಂದು ತಿಳಿಯಿತು, ಅದಕ್ಕೇ ಈ ಕಾಗದ. ಅವಳು ಓದಿ ಹೇಳಲಿ. ನಿಮ್ಮ ಮೇಲೆ ಕೂಗಾಡಿದ್ದು ನಾಲ್ಕು ಜನರ ಮುಂದೆ. ತಪ್ಪು ಒಪ್ಪಿಕೊಳ್ಳುವಾಗಲೂ ಇನ್ನೊಬ್ಬರು ಕೇಳುತ್ತಿರಬೇಕು.

ನಾನು ಸಿಂದಗಿಯಿಂದ ಹೊಸದಾಗಿ ಬಂದ ವಾರ ನಿಮಗೆ ನೆನಪಿರಬೇಕು. ಹೊಸ ಬೂಟು, ಕೈಯಲ್ಲಿ ಹೊಸ ಪುಸ್ತಕ. ನೀವು ಕಾಯುತ್ತಿದ್ದ ಕಾಲುವೆ ಗೇಟಿನ ಪಕ್ಕದ ಅಳತೆಪಟ್ಟಿ ನೋಡಿ ‘ನೀರು ಭರ್ತಿ’ ಎಂದು ಬರೆಯಹೊರಟೆ. ನೀವು ಬದುವಿನಿಂದ ಒಣ ಜೋಳದ ದಂಟೊಂದನ್ನು ಎತ್ತಿ ಕಾಲುವೆಗೆ ಒಗೆದು, ಅದರ ಸರಿಸಮ ದಂಡೆಯ ಮೇಲೆ ನಡೆಯತೊಡಗಿದಿರಿ. “ದಂಟಿನ ಜೋಡಿ ನಡೀರಿ ಸಾಹೇಬ್ರ. ಅದು ಲಗೂ ಹೊಂಟ್ರ ನೀವೂ ಲಗೂ ಹೋಗ್ರಿ. ಅದು ನಿಂತ್ರ ನೀವೂ ನಿಂತು, ಯಾಕ ನಿಂತೈತಿ ನೋಡ್ರಿ” ಎಂದಿರಿ. ನಾಲ್ಕು ಕಿಲೋಮೀಟರು ನಡೆಸಿದಿರಿ. ಬೂಟು ಕಚ್ಚಿ ನನ್ನ ಹಿಮ್ಮಡಿ ಸುಲಿದಿತ್ತು. ಕಾಲುವೆಯ ತುದಿಯಲ್ಲಿ, ಗುರವ್ವನ ಹೊಲದ ತೂಬಿಗೆ ದಂಟು ಮುಟ್ಟಿದ ಮೇಲೆಯೇ ನೀವು ಬೀಡಿ ಹಚ್ಚಿ, “ಈಗ ಬರಕೊಳ್ರಿ” ಎಂದದ್ದು.

ಆಮೇಲೆ ಯಂತ್ರ ಬಂತು. ಕಾಲುವೆಯ ತುದಿಯ ಹತ್ತಿರ ಕಂಬ ನೆಟ್ಟು, ನೀರಿನ ಮಟ್ಟವನ್ನು ತಾನೇ ಅಳೆದು ಕಳಿಸುವ ಪೆಟ್ಟಿಗೆ ಕೂಡಿಸಿದರು. ಬಾಗೇವಾಡಿಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕುಳಿತು ನಾನು ಅದನ್ನು ನೋಡಬಹುದಿತ್ತು. ಹಸಿರು ಇದ್ದರೆ ನೀರು ಭರ್ತಿ, ಕೆಂಪಾದರೆ ಕಡಿಮೆ. ಗೇಟು ಕಾಯುವ ನಿಮ್ಮಂಥವರಿಗೆ ಫೋನು ಕೊಟ್ಟೆವು. ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಗೇಟಿನ ಮುಂದೆ ನಿಂತು ಮುಖದ ಫೋಟೋ ತೆಗೆದರೆ ಹಾಜರಿ. ನಿಮ್ಮ ಫೋಟೋಗಳಲ್ಲಿ ಅರ್ಧ ಹಣೆ, ಅರ್ಧ ಆಕಾಶ. ಆಫೀಸಿನಲ್ಲಿ ನಾವು ಅವನ್ನು ನೋಡಿ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ, ಕಾಕಾ.

ಹಿಂಗಾರಿಗೆ ನೀರು ಬಿಟ್ಟ ಎರಡನೆಯ ದಿನ ನೀವು ಫೋನು ಮಾಡಿದಿರಿ. “ಸಾಹೇಬ್ರ, ಕಂಬದ ಹಂತೇಕ ದಂಟು ನಿಂತೈತ್ರಿ. ನೀರು ತುಂಬೈತಿ, ಖರೆ ಹರೀವಲ್ದು.” ನಾನು ಕಂಪ್ಯೂಟರಿನ ತೆರೆ ನೋಡಿದೆ. ಹಸಿರು ಇತ್ತು. ಮೀಟಿಂಗಿಗೆ ತಡವಾಗಿತ್ತು. “ಎಲ್ಲಾ ಭರ್ತಿ ತೋರಿಸಾಕತ್ತೈತಿ, ನೀ ಗೇಟು ಬಿಟ್ಟು ಅಡ್ಡಾಡಬ್ಯಾಡ” ಎಂದು ಇಟ್ಟುಬಿಟ್ಟೆ. ತಂದೆಯ ವಯಸ್ಸಿನವರಿಗೆ ‘ನೀ’ ಎಂದದ್ದು ಆಗ ನನ್ನ ಗಮನಕ್ಕೂ ಬರಲಿಲ್ಲ.

ಮುಂದಿನ ಮೂರು ದಿನ ನಿಮ್ಮ ಹಾಜರಿ ಬೀಳಲಿಲ್ಲ. ನಕ್ಷೆಯಲ್ಲಿ ನಿಮ್ಮ ಫೋನಿನ ಚುಕ್ಕಿ ಗೇಟಿನಿಂದ ನಾಲ್ಕು ಕಿಲೋಮೀಟರು ದೂರ ನಿಂತಿತ್ತು. ಯಾರದೋ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದೀರಿ ಎಂದುಕೊಂಡೆ. ಯಾರೂ ಹೇಳಿದ್ದಲ್ಲ, ಆ ಸಂಶಯ ನನ್ನ ತಲೆಯಲ್ಲೇ ಹುಟ್ಟಿದ್ದು. ಮೆಮೊ ಬರೆದು, ನಿಮ್ಮನ್ನು ಕರೆಸಿ, ಎಲ್ಲರೆದುರು ಎಲ್ಲಿದ್ದಿ ಎಂದು ಕೇಳಿದೆ. ನೀವು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, “ಕೆಳಗ ಆಪಿನ ಹುಲ್ಲು...” ಎಂದು ಶುರು ಮಾಡಿದಿರಿ. ಕಥೆ ಬೇಡ, ಇದ್ದೆಯೋ ಇಲ್ಲವೋ ಅಷ್ಟೇ ಹೇಳು ಎಂದೆ. “ಇದ್ದೆನ್ರಿ ಸಾಹೇಬ್ರ. ನೀರಿನ ಕೂಡ ಇದ್ದೆ” ಎಂದಿರಿ. ನಿನ್ನ ಕೆಲಸ ಗೇಟಿನ ಕೂಡ ಇರುವುದು, ನೀರಿನ ಕೂಡ ಅಲ್ಲ ಎಂದು ನಾನು ಕೂಗಿದೆ. ಯಾರೋ ಕಿಸಕ್ಕೆಂದರು. ನೀವು ಮೆಮೊಗೆ ಹೆಬ್ಬೆಟ್ಟು ಒತ್ತದೆ ಟೊಪ್ಪಿಗೆ ಹಾಕಿಕೊಂಡು ಹೊರಟಿರಿ. ಮರುದಿನ ನನ್ನ ಮೇಜಿನ ಮೇಲೆ ಫೋನಿನ ಡಬ್ಬಿ ಇತ್ತು.

ನಾಲ್ಕು ದಿನ ಕಳೆದ ಮೇಲೆ ಗುರವ್ವ ಬಂದಳು. ಒಣಗಿದ ಉಳ್ಳಾಗಡ್ಡಿ ಸಸಿಗಳನ್ನು ಸೆರಗಿನಿಂದ ತೆಗೆದು ನನ್ನ ಕಂಪ್ಯೂಟರಿನ ಮುಂದೆ ಇಟ್ಟಳು. ತೆರೆ ಆಗಲೂ ಹಸಿರಾಗಿಯೇ ಇತ್ತು. “ಇದರಾಗ ನೀರು ಐತೇನ್ರಿ? ಹಂಗಾರ ಇದನ್ನ ನನ್ನ ಹೊಲಕ್ಕ ತಂದು ಇಡ್ರಿ” ಎಂದಳು. ಅವಳನ್ನು ಜೀಪಿನಲ್ಲಿ ಕೂಡಿಸಿಕೊಂಡು ಹೋದೆ.

ಕಂಬದಿಂದ ಒಂದು ಕೂಗಳತೆ ಕೆಳಗೆ, ಬಂಡಿ ದಾರಿಯಡಿಯ ಪೈಪಿನ ಬಾಯಿಗೆ ಆಪಿನ ಹುಲ್ಲು ಬೆಳೆದು ಗೋಡೆಯಾಗಿತ್ತು. ಮೇಲೆ ನೀರು ತುಂಬಿ ನಿಂತಿತ್ತು. ಕೆಳಗಿನ ಹೊಲಗಳಿಗೆ ಹನಿಯೂ ಇಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ನೀರೆಷ್ಟಿದೆ ಎಂದು ನಾವು ಅದಕ್ಕೆ ಕೇಳಿದ್ದೆವು, ಅಷ್ಟು ಹೇಳುತ್ತಿತ್ತು. ಹರಿಯುತ್ತಿದೆಯೇ ಎಂದು ನಾವು ಕೇಳಿರಲೇ ಇಲ್ಲ, ನೀವು ಕೇಳದೆಯೂ ಹೇಳಿದ್ದಿರಿ. ದಂಡೆಯ ಮೇಲೆ ಕೊಯ್ದು ಹಾಕಿದ ಆಪಿನ ರಾಶಿ ಇತ್ತು, ನನ್ನ ಎದೆಯೆತ್ತರ. ಕುಡುಗೋಲಿನ ಕಚ್ಚು ಸ್ಪಷ್ಟ ಕಾಣುತ್ತಿತ್ತು. ಹುಲ್ಲಿನ ಗೋಡೆ ಮುಂದಿನಿಂದ ಅರ್ಧ ತೆರವಾಗಿತ್ತು, ಪೈಪಿನ ಬಾಯಿ ಮಾತ್ರ ಇನ್ನೂ ಮುಚ್ಚಿಕೊಂಡೇ ಇತ್ತು. ಇದು ಯಾರ ಕೆಲಸ ಎಂದೆ. “ಇನ್ಯಾರ್ದು, ಗೈಬುಸಾಬಂದು. ಟೊಂಕದ ಮಟ ನೀರಾಗ ನಿಂತು ಮೂರು ದಿನ ಕೊಯ್ದಾನ. ಇನ್ನೆರಡು ದಿನದಾಗ ನೀರು ಬಿಡಿಸಿ ಕೊಡ್ತೇನವ್ವಾ ಅಂದಿದ್ದ. ಆಮ್ಯಾಲ ಬರಲೇ ಇಲ್ಲ” ಎಂದಳು. ಯಾಕೆ ಬರಲಿಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಆ ರಾಶಿಯ ಮುಂದೆ ನಿಂತಾಗ ಆದ ನಾಚಿಕೆ ಇನ್ನೂ ಹೋಗಿಲ್ಲ.

ಉಳಿದ ಆಪನ್ನು ಮರುದಿನವೇ ಆಳು ಹಚ್ಚಿ ಕೊಯ್ಯಿಸಿದೆ. ಮೆಮೊ ತಪ್ಪು, ಅದನ್ನು ಹಿಂದೆ ಪಡೆಯುತ್ತೇನೆ ಎಂದು ಮೇಲಿನವರಿಗೆ ಬರೆದೆ, ಒಂದಲ್ಲ ಮೂರು ಸಲ. ಗೇಟಿಗೆ ಜನ ಕೊಡುವ ಗುತ್ತಿಗೆಯವರು ಅಷ್ಟರಲ್ಲಿ ನಿಮ್ಮ ಜಾಗಕ್ಕೆ ಬೇರೊಬ್ಬರನ್ನು ಹಾಕಿಬಿಟ್ಟಿದ್ದರು. ಹೊಸಬ ತಪ್ಪದೆ ಎಂಟಕ್ಕೆ ಫೋಟೋ ಕಳಿಸುತ್ತಾನೆ, ಮುಖ ಪೂರ್ತಿ ಬರುತ್ತದೆ. ನಿಮ್ಮ ಕೆಲಸ ನಿಮಗೆ ವಾಪಸು ಕೊಡಿಸುವುದು ನನ್ನಿಂದ ಆಗಲಿಲ್ಲ, ಕಾಕಾ. ಬರೆಯಲಾರದೆ ಇಷ್ಟು ದಿನ ತಳ್ಳಿದ ಮಾತು ಇದೇ.

ಈ ತಿಂಗಳಿನಿಂದ ಎಂಜಿನಿಯರುಗಳಿಗೂ ಅದೇ ಫೋಟೋ ಹಾಜರಿ ಬಂದಿದೆ, ಆಫೀಸಿನ ಬಾಗಿಲಲ್ಲಿ ನಿಂತು. ಇಂದು ಬೆಳಗ್ಗೆ ಫೋನನ್ನು ಜೀಪಿನಲ್ಲೇ ಬಿಟ್ಟು ಗೇಟಿನ ಹತ್ತಿರ ಇಳಿದೆ. ಬದುವಿನಲ್ಲಿ ಒಂದು ಒಣ ದಂಟು ಸಿಕ್ಕಿತು. ಕಾಲುವೆಗೆ ಒಗೆದು ಅದರ ಜೊತೆ ನಡೆದೆ. ಎರಡು ಕಡೆ ನಿಂತಿತು. ನಾನೂ ನಿಂತು, ಯಾಕೆಂದು ನೋಡಿ, ಪ್ಯಾಂಟು ಮಡಚಿ ಇಳಿದು ಕಸ ತೆಗೆದೆ. ಗುರವ್ವನ ತೂಬಿಗೆ ದಂಟು ಮುಟ್ಟಿದಾಗ ಹನ್ನೊಂದಾಗಿತ್ತು. ಯಾರ ಕಡೆ ತಿರುಗಿ ‘ಬರೆದುಕೊಳ್ಳಲೇ’ ಎಂದು ಕೇಳಬೇಕೋ ತಿಳಿಯಲಿಲ್ಲ. ಜೀಪಿಗೆ ಬಂದು ಫೋನು ನೋಡಿದರೆ ನನ್ನ ಹೆಸರಿನ ಮುಂದೆ ‘ಗೈರುಹಾಜರಿ’ ಎಂದಿತ್ತು. ಅದನ್ನು ತಿದ್ದಿಸಲು ಹೋಗಲಿಲ್ಲ.

ನಿಮ್ಮ ಮಂಡಿನೋವು ಇಳಿಯಲಿ. ಅಬಿದಾಳ ಮನೆ ತಂಪಾಗಿರಲಿ. ಮಾಫಿ ಕೊಡುವುದು ಬಿಡುವುದು ನಿಮಗೆ ಸೇರಿದ್ದು, ನನ್ನ ಸಲಾಮನ್ನಷ್ಟು ಒಪ್ಪಿಕೊಳ್ಳಿ.

ನೀವು ನಡೆಯಲು ಕಲಿಸಿದ,
ಅನೀಲಕುಮಾರ