ಹದಿನೈದು ದಿನದ ಪ್ರಶ್ನೆ, ಮೂರು ವರ್ಷದ ಬೇಸರ

ಕಾರ್ಮಿಕರ ಆರೋಗ್ಯ ಕಚೇರಿಯ ದೊಡ್ಡ ಅಧಿಕಾರಿಗಳೇ,

ನನ್ನ ಸೊಸೆಗೆ ಯಾವ ಕಾಯಿಲೆಯೂ ಇಲ್ಲವೆಂದು ನೀವು ಸಹಿ ಹಾಕಿ ಕಳಿಸಿದ ಕಾಗದ ತಲುಪಿತು. ಸಂತೋಷ. ಹಾಗಾದರೆ ಮೂರು ವರ್ಷದಿಂದ ಅವಳನ್ನು ಹಿಡಿದು ಕೂತಿರುವುದು ಏನು ಎಂದು ಅದರಲ್ಲೇ ಒಂದು ಸಾಲು ಬರೆದಿದ್ದರೆ ಇನ್ನೂ ಉಪಕಾರವಾಗುತ್ತಿತ್ತು. ನಾನು ಹಳ್ಳಿಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು. ನಿಮ್ಮ ಭಾಷೆ ನನಗೆ ಬಾರದು, ನನ್ನ ಭಾಷೆ ನಿಮಗೆ ಚುಚ್ಚಬಹುದು. ಚುಚ್ಚಲಿ ಎಂದೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ಮೇಜು ಸೇರಿದ ಕಾಗದಗಳ ಗತಿ ನೋಡಿ ಬಂದಿದ್ದೇನೆ.

ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಚಾದರ ಮಡಚುವವಳು. ಇಬ್ಬರು ಎದುರುಬದುರು ನಿಂತು, ಮೂಲೆ ಹಿಡಿದು ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಅವಳ ಜೋಡಿ ಹೆಂಗಸನ್ನು ಎಲ್ಲರೂ ಉದ್ದಕ್ಕ ಅನ್ನುತ್ತಾರೆ. ಒಂದು ಸಂಜೆ ಆಕೆ ನಮ್ಮ ಬಾಗಿಲಿಗೆ ಬಂದು ನಿಂತಳು. "ಅಜ್ಜಿ, ನಿಮ್ಮ ಸೊಸೆ ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ. ಆದ್ರೆ ಮೊದ್ಲು ಮೂಲೆ ಕೊಡುವಾಗ ನನ್ನ ಮುಖ ನೋಡಿ ಏನಾದ್ರೂ ಗೇಲಿ ಮಾಡೋಳು. ಈಗ ಚಾದರ ನೋಡ್ತಾಳೆ, ನನ್ನ ನೋಡಲ್ಲ. ನಾಳೆ ನನ್ನ ಜಾಗದಲ್ಲಿ ಒಂದು ಕಂಬ ನಿಲ್ಸಿದ್ರೂ ಅವಳಿಗೆ ಗೊತ್ತಾಗಲ್ಲ" ಅಂದಳು.

ಒಂದೇ ಸೂರಿನಡಿ ಇರುವ ನಾನು ನೋಡಿರಲಿಲ್ಲವೇ? ನೋಡಿದ್ದೆ. ಸೋಮಾರಿತನ ಅಂದುಕೊಂಡಿದ್ದೆ. "ಯಾಕೆ ಮುಖ ಹೀಗೆ ಇಟ್ಕೊಂಡಿದ್ದೀಯ, ಯಾರಾದ್ರೂ ಹೋದ್ರಾ?" ಎಂದು ಕೇಳಿದ ಬಾಯಿ ಇದೇ. "ಯಾರೂ ಹೋಗಿಲ್ಲ ಅತ್ತೆ" ಅನ್ನುತ್ತಿದ್ದಳು, ಅದೂ ತನ್ನದೇ ತಪ್ಪೇನೋ ಎಂಬಂತೆ.

ಮನಸ್ಸಿನ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಆಕೆ ನನಗೂ ತಿಳಿಯುವ ಹಾಗೆ ಹೇಳಿದರು: ಕೆಲವರಿಗೆ ಇದು ಧಗಧಗ ಸುಡುವ ಜ್ವರದ ಹಾಗೆ ಬರುವುದಿಲ್ಲ, ಮೈಬಿಸಿಯ ಹಾಗೆ ವರ್ಷಗಟ್ಟಲೆ ಇರುತ್ತದೆ. ಉಣ್ಣುತ್ತಾರೆ, ದುಡಿಯುತ್ತಾರೆ, ಯಾವುದರಲ್ಲೂ ರುಚಿ ಇರುವುದಿಲ್ಲ. ಕೊನೆಗೆ ತಮ್ಮ ಸ್ವಭಾವವೇ ಇಷ್ಟು ಅಂದುಕೊಂಡುಬಿಡುತ್ತಾರೆ. ಮಾತ್ರೆ ಬೇಕು, ಪ್ರತಿ ಬುಧವಾರ ಮಧ್ಯಾಹ್ನ ಬಂದು ಕೂತು ಮಾತಾಡಬೇಕು, ಬೆಳಿಗ್ಗೆ ಮನಸ್ಸಿಲ್ಲದಿದ್ದರೂ ಒಂದಿಷ್ಟು ನಡೆಯಬೇಕು. ತಿಂಗಳುಗಳೇ ಹಿಡಿಯುತ್ತದೆ, ಆದರೆ ಹಗುರಾಗುತ್ತದೆ. ಸರಿ, ನಾನೂ ಅವಳ ಜೊತೆ ನಡೆದೆ. ಮಂಡಿ ನನ್ನದು ನೋಯುತ್ತಿತ್ತು, ಕಾಲೆಳೆಯುತ್ತಿದ್ದವಳು ಅವಳು. ತನ್ನ ರಜೆಯಲ್ಲೇ ನಾಲ್ಕು ಬುಧವಾರ ಹೋಗಿ ಬಂದಳು. ನಾಲ್ಕನೇ ವಾರ ಸಾರಿಗೆ ಉಪ್ಪು ಕಮ್ಮಿ ಎಂದು ನನಗೇ ಹೇಳಿದಳು. ಬೇರೆ ಕಾಲದಲ್ಲಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆವತ್ತು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ರಜೆ ಮುಗಿಯಿತು. ಬುಧವಾರಕ್ಕೆಂದು ವಾರಕ್ಕೆ ಮೂರು ಗಂಟೆ ಬಿಡುವು ಕೊಡಿ ಎಂದು, ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಸೇರಿಸಿ, ನಿಮ್ಮಲ್ಲಿ ಅರ್ಜಿ ಹಾಕಿದೆವು. ಪರೀಕ್ಷೆಗೆ ಬನ್ನಿ ಅಂದಿರಿ. ಇಲ್ಲಿ ನನ್ನ ತಪ್ಪನ್ನೂ ಬರೆಯುತ್ತೇನೆ, ನಿಮ್ಮ ಹಾಗೆ ಮುಚ್ಚಿಡುವ ಅಭ್ಯಾಸ ನನಗಿಲ್ಲ. ದೊಡ್ಡವರ ಎದುರು ಹೋಗುವವಳು ಎಂದು ನಾನೇ ಅವಳ ತಲೆ ಬಾಚಿದೆ, ಬಟ್ಟೆಗೆ ಇಸ್ತ್ರಿ ಹಾಕಿದೆ. "ಗಂಟುಮುಖ ಹಾಕ್ಕೊಂಡು ಕೂರಬೇಡ, ಕೇಳಿದ್ದಕ್ಕೆ ನಗ್ತಾ ಉತ್ತರ ಕೊಡು" ಎಂದು ಪಾಠ ಬೇರೆ ಹೇಳಿ ಕಳಿಸಿದೆ. ಪಾಪ, ಹೇಳಿದ ಹಾಗೇ ಮಾಡಿದಳು. ಹತ್ತನೇ ತರಗತಿಯ ಮೊಮ್ಮಗಳು ನಿಮ್ಮ ವರದಿ ಓದಿದಳು: ಶುಭ್ರ ಉಡುಪು, ಓರಣವಾದ ತಲೆ, ನಗುಮುಖ, ಹಾಜರಾತಿ ತೃಪ್ತಿಕರ. ಓದಿ ಮುಗಿಸಿ, "ಅಜ್ಜಿ, ಇದು ಅಮ್ಮನ ವರದಿ ಅಲ್ಲ, ನಿಂದು" ಅಂದಳು.

ನಾನು ಮೂರನೇ ಕ್ಲಾಸು. ತಾವು ಓದಿದವರಲ್ಲವೇ? ಬಾಚಿದ ತಲೆಯ ಒಳಗೆ ಏನಿದೆ ಎಂದು ಕೇಳುವುದು ತಮ್ಮ ಕೆಲಸವಲ್ಲವೇ? ತಮ್ಮ ನಮೂನೆಯಲ್ಲಿ ಮನಸ್ಸಿನ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: "ಕಳೆದ ಹದಿನೈದು ದಿನಗಳಲ್ಲಿ ಮನಃಸ್ಥಿತಿಯಲ್ಲಿ ಗಮನಾರ್ಹ ಬದಲಾವಣೆ ಕಂಡುಬಂದಿದೆಯೇ?" ಅವಳು ಇದ್ದದ್ದನ್ನೇ ಹೇಳಿದಳು, ಇಲ್ಲ ಎಂದು. ಮೂರು ವರ್ಷದಿಂದ ಸೋರುತ್ತಿರುವ ಮಾಳಿಗೆ ಹೋದ ಹದಿನೈದು ದಿನದಲ್ಲಿ ಹೆಚ್ಚಿಗೆ ಸೋರಲಿಲ್ಲ ಅಂದರೆ, ಮಾಳಿಗೆ ಗಟ್ಟಿಯಾಗಿದೆ ಎಂದು ಷರಾ ಬರೆಯುತ್ತೀರಾ? ದಿನ ತಪ್ಪದೆ ಕೆಲಸಕ್ಕೆ ಬಂದಳು ಎಂಬುದನ್ನೇ ಅವಳ ವಿರುದ್ಧ ಸಾಕ್ಷಿ ಮಾಡಿದಿರಿ. ಹಾಗಾದರೆ ತಮ್ಮ ನಂಬಿಕೆ ಸಂಪಾದಿಸಲು ಅವಳು ಎಲ್ಲಿ, ಎಷ್ಟು ಹೊತ್ತಿಗೆ ಕುಸಿದು ಬೀಳಬೇಕು, ಅದನ್ನೂ ನಮೂನೆಯಲ್ಲೇ ಅಚ್ಚು ಹಾಕಿಸಿಬಿಡಿ.

ಬಿಡುವು ಕೊಡಲಿಲ್ಲ ಎಂಬುದು ಸಣ್ಣ ಮಾತು. ನಿಮ್ಮ ಕಾಗದ ಬಂದ ದಿನ ಅವಳು ಅದನ್ನು ಎರಡು ಸಲ ಓದಿದಳು. "ಅಷ್ಟು ದೊಡ್ಡೋರೇ ಏನೂ ಇಲ್ಲ ಅಂದ್ರಲ್ಲ ಅತ್ತೆ. ನಂದೇ ನಾಟಕ ಇರ್ಬೇಕು" ಅಂದಳು. ಮಾತ್ರೆಯ ಡಬ್ಬಿಯನ್ನು ಬೀರುವಿನ ಹಿಂದಕ್ಕೆ ತಳ್ಳಿದಳು. ಬೆಳಗಿನ ನಡಿಗೆ ನಿಂತಿತು. ಡಾಕ್ಟರಮ್ಮ ನಾಲ್ಕು ವಾರ ಕೂತು ಬಿಡಿಸಿದ ಗಂಟನ್ನು ನೀವು ಒಂದು ಸಹಿಯಲ್ಲಿ ಬಿಗಿದಿರಿ. ಮಾತ್ರೆ ಹೀಗೆ ನಡುವೆ ಬಿಡಬಾರದಂತೆ. ಅದಕ್ಕೆ ಹೊಣೆ ಯಾರು ಸ್ವಾಮಿ? ನಗುಮುಖವೋ?

ನಾನು ಕೇಳುವುದು ಇಷ್ಟೇ. ಅವಳನ್ನು ಮತ್ತೊಮ್ಮೆ ಕರೆಸಿ. ಹದಿನೈದು ದಿನ ಬಿಡಿ, ಎಷ್ಟು ವರ್ಷದಿಂದ ಎಂದು ಕೇಳಿ. ಡಾಕ್ಟರಮ್ಮನ ಚೀಟಿಯನ್ನು ಕಡತಕ್ಕೆ ಸಿಕ್ಕಿಸುವ ಮುನ್ನ ಓದಿ. ಜೊತೆಗೆ ದುಡಿಯುವವಳನ್ನೂ ನಾಲ್ಕು ಮಾತು ಕೇಳಿ. ಬುಧವಾರದ ಮೂರು ಗಂಟೆಯನ್ನು ಬರೆದು ಕೊಡಿ. ಕಾಯಿಲೆ ಇಲ್ಲ ಎಂಬ ಆ ಸಾಲನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಅವಳ ಹೆಸರಿಗೇ ಕಾಗದ ಕಳಿಸಿ.

ಇದನ್ನೆಲ್ಲ ಅವಳಿಗೆ ಓದಿ ಹೇಳಿದ ಮೇಲೇ ಕಳಿಸುತ್ತಿದ್ದೇನೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. "ನನ್ನ ಹೆಸರು ಹಾಕಬೇಡಿ ಅತ್ತೆ. ಆದ್ರೆ ಬುಧವಾರ ನಂಗೆ ಬೇಕು" ಅಂದಳು. ಮೂರು ವರ್ಷದಲ್ಲಿ ಅವಳ ಬಾಯಲ್ಲಿ 'ಬೇಕು' ಎಂಬ ಮಾತು ಕೇಳಿದ್ದು ಇದೇ ಮೊದಲು. ಅದಕ್ಕೆ ಇಲ್ಲ ಅನ್ನುವ ಮುನ್ನ ಒಂದು ಸಲ ಯೋಚಿಸಿ.

ಇಂತಿ,
ಡಾಕ್ಟರಿಗಿಂತ ಮೂರು ವರ್ಷ ಮೊದಲೇ ನೋಡಿಯೂ ಕಾಣದೆ ಹೋದ
ಒಬ್ಬ ಅತ್ತೆ